ಹುಡುಕು, ಬದಲಿಸು

ಖಡೇಬಜಾರಿನ ಸಂದ್ಯಾಗ ನನ್ನ ಟೈಪಿಂಗ್ ಅಂಗಡಿ.
ಬೋರ್ಡಿನ ಮ್ಯಾಲೆ ಮೂರು ಲಿಪಿ.
ಯಾವುದು ಮ್ಯಾಲೆ, ಯಾವುದು ಕೆಳಗ ಅನ್ನೂದು
ಊರಿನ ಹವಾ ನೋಡಿ ನಾಕು ಸಲ ಬರಿಸೇನಿ.

ಓದಿದ್ದು ಹತ್ತನೆತ್ತ.
ಬಡದದ್ದು ಮೂವತ್ತೆಂಟು ವರ್ಷ,
'ವಿಜ್ಞಾನ ಮತ್ತು ಸಮಾಜ', 'ಸಮಾಜ ಮತ್ತು ವಿಜ್ಞಾನ'.

ಹೆರವಾಡಕರ ಸರ್ ಕಾಲಕ್ಕ ವಿಜ್ಞಾನಿ ಅಂದರ
ಬಿಳಿ ಅಂಗಿ ಹಾಕಿದ ಸನ್ಯಾಸಿ.
ಅವಗ ಜಾತಿಲ್ಲ, ದೇಶಿಲ್ಲ, ಹೊಟ್ಟಿಲ್ಲ.
ಆಣೆಕಟ್ಟು ಕಟ್ಟೂ ಕಾಲ ಅದು,
ಸರಕಾರಕ್ಕೂ ಅಂಥಾ ಸನ್ಯಾಸಿಗಳ ಬೇಕಾಗಿದ್ದರು.

ಆಮ್ಯಾಲೆ ಯರನಾಳ ಸರ್ ಬಂದರು,
ಗೋಕಾಕದ ಗಿರಣಿ ಭೋಂಗಾ ಕೇಳಿ ಬೆಳದವರು,
ಜುಬ್ಬಾದ ತುಂಬ ಕೆಂಪು ಶಾಯಿ.
"ಪ್ರಯೋಗಾಲಯ ಅಂದರ ಅದೂ ಒಂದು ಮಿಲ್ಲೇ.
ಸತ್ಯ ನೇಯಾವ ಒಬ್ಬ, ಥಾನ ಮಾರಾವ ಇನ್ನೊಬ್ಬ."
ಅವರ ಶಿಷ್ಯರ ಹಾಳಿ ತುಂಬ ವರ್ಗ, ವರ್ಗ, ವರ್ಗ.
ನನ್ನ ಮಶೀನಿನ ಅರ್ಕಾವತ್ತಿನ ಕೀಲಿ ಸವದು ಹೋತು.

ಪುಣೆದಾಗ ಓದಿ ಬಂದವರೂ ಒಂದಿಷ್ಟು ಮಂದಿ.
ಅಣು ಮನಷಾ ಕಟ್ಟಿದ್ದು, ರೋಗ ಮನಷಾ ಕಟ್ಟಿದ್ದು,
ಅವರ ಥಿಯರಿ ಒಂದು ಬಿಟ್ಟು.
ಅದನ್ನ ಕಟ್ಟಿದವರು ಯಾರ್ರೀ ಅಂದೆ.
ಬಿಲ್ಲು ಕೊಡದ ಹೋದರು.

ಈಗಿನ ಹುಡುಗರು ಹಳೇ ಥೀಸಿಸ್
ಪೆನ್‌ಡ್ರೈವಿನ್ಯಾಗ ತರ್ತಾರ.
"ಕಾಕಾ, 'ವರ್ಗ' ಇದ್ದಲ್ಲೆಲ್ಲಾ 'ಪರಂಪರೆ' ಮಾಡ್ರಿ."
ಹುಡುಕು, ಬದಲಿಸು.
ನೂರಾ ಹನ್ನೆರಡು ಕಡೆ ಬದಲಾತು.
ಲೆಕ್ಕದ ಪುಟದಾಗ 'ವರ್ಗಮೂಲ' ಹೋಗಿ
'ಪರಂಪರೆಮೂಲ' ಆತು.
ಪರೀಕ್ಷಕರು ಅದನ್ನ ಮೆಚ್ಚಿಕೊಂಡರಂತ.

ಜೀನತ್ ಬಾಗವಾನ ವಿಷಯ ಬ್ಯಾರೆ.
ವಿಜ್ಞಾನಿಗಳ ಮ್ಯಾಲೆ ಅಲ್ಲ,
ವಿಜ್ಞಾನಿಗಳ ಮ್ಯಾಲೆ ಬರದವರ ಮ್ಯಾಲೆ.
ಯಾರ ರಾಜ್ಯದಾಗ ಯಾರಿಗೆ ಏನು ಕಂಡಿತ್ತು, ಅಷ್ಟ ಆಕಿಗೆ ಬೇಕು.
ಅಟ್ಟದಾಗಿನ ಕಾರ್ಬನ್ ಪ್ರತಿಗಳ ಗಂಟು ಇಳಿಸಿಕೊಟ್ಟೆ.
ಮೂರು ದಿನ ನೆಲದ ಮ್ಯಾಲೆ ಕುಂತು ಓದಿದಳು, ಸೀನತ.
ನಾಕನೇ ದಿನ ಎರಡು ಹಾಳಿ ಜೋಡಿಸಿ ಹಿಡದಳು.
"ಸರ್ ಕೈಬರಹದಾಗ 'ಬಾಟಲಿ ತೊಳೆಯುವ ಹೆಂಗಸರು' ಐತಿ,
ಟೈಪಿನ್ಯಾಗ 'ಪ್ರಯೋಗಾಲಯದ ಸಹಾಯಕಿಯರು'.
ಬದಲಿಸಿದವರು ಯಾರು?"

ನನ್ನವ್ವ ಲಸಿಕಿ ಕಟ್ಟಡದಾಗ
ಇಪ್ಪತ್ತೆರಡು ವರ್ಷ ಬಾಟ್ಲಿ ತೊಳದಾಕಿ.
ಸೋಡಾಕ್ಕ ಬೆರಳಗೆರಿ ಅಳದು ಹೋಗಿದ್ದವು;
ರೇಷನ್ ಅಂಗಡ್ಯಾಗ ಹೆಬ್ಬಟ್ಟು ಒತ್ತಿದರ
ಬರೇ ನೀಲಿ ಕಲಿ.
ಯರನಾಳ ಸರ್ ವಾಕ್ಯದಾಗ ಆಕಿ ಬಂದಿದ್ದಳು,
ಬಹುವಚನದಾಗ, ಹೆಸರಿಲ್ಲದ.
ದುಡಿಯೂ ಮಂದಿ ಪರವಾಗೇ ಬರದ ವಾಕ್ಯ ಅದು.
ರಾತ್ರಿ ಹನ್ನೊಂದು, ಕರೆಂಟಿಲ್ಲ, ಕಂದೀಲು.
ಬೆರಳು ತಾವ ಬ್ಯಾರೆ ಬಡದವು.

ಆ ಶಬ್ದ ಆಮ್ಯಾಲೆ ಆರು ಥೀಸಿಸಿನ್ಯಾಗ ಉಲ್ಲೇಖ ಆಗೇತಂತ.
'ಸಹಾಯಕಿ ಎಂಬ ಪರಿಕಲ್ಪನೆ' ಅಂತ
ಒಬ್ಬರು ಅಧ್ಯಾಯಾನ ಬರದಾರಂತ.
ಜೀನತ್ ಹೇಳಿದಳು. ನಗಲಿಲ್ಲ.

"ನಿಮ್ಮ ಪಕ್ಷ ಯಾವುದು ಕಾಕಾ?"
ಓಟಿನ ಮಾತು ಅಂತ ತಿಳದು ಬೋರ್ಡಿನ ಕಡೆ ನೋಡಿದೆ.
ಆಕಿ ನನ್ನ ಬೆರಳ ನೋಡಾಕತ್ತಿದ್ದಳು.

ನಿನ್ನೆ ಕೊನೇ ಕರಡು ತಂದಾಳ.
ಅಡಿಟಿಪ್ಪಣಿ ಎಂಬತ್ತೇಳು:
'ಈ ಪದವನ್ನು ತಂದವರು ಬೆರಳಚ್ಚುಗಾರರು. ಅವರ ತಾಯಿ'
ಮುಂದ ಜಾಗ ಖಾಲಿ.
ಕಲ್ಲವ್ವ ಅಂತ ಬಡದೆ. ಅಳಿಸಿದೆ.
ಕಲ್ಲಮ್ಮ ಅಂತ ಬಡದೆ.
ಕಟ್ಟಡದಾಗ ಆಕಿನ್ನ ಹಂಗ ಯಾರೂ ಕರದಿರಲಿಲ್ಲ.
ಅಳಿಸಿದೆ.

ಹೊರಗ ಪೇಂಟರ್ ಗಫಾರ ಏಣಿ ಹಚ್ಯಾನ.
"ಮಾಲಕ, ಈ ಸಲ ಯಾವ ಲಿಪಿ ಮ್ಯಾಲೆ?"
ತಡಿಯಪಾ ಅಂದೆ.
ಇನ್ನೂ ಒಂದು ಹೆಸರು ಬಡಿಯೂದೈತಿ.